ಗಲ್ಲಾ ಪೆಟ್ಟಿಗೆಯ ಮುಂದೆ: ಕ್ಯಾಷಿಯರ್ ಕೆಲಸದ ನನ್ನ ಅನುಭವ

2015ರಲ್ಲಿ ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿ, ಗುಬ್ಬಿ ಹತ್ತಿರದ ನಮ್ಮ ಊರಿನಿಂದ ದಿನವೂ ಬಸ್ಸು ಹತ್ತಿ ತುಮಕೂರಿಗೆ ಬಂದು ಕೆಲಸ ಹುಡುಕುತ್ತಿದ್ದಾಗ, ಹೋದ ಕಡೆಯಲ್ಲೆಲ್ಲ ನನಗೆ ಎದುರಾದದ್ದು ಒಂದೇ ಪ್ರಶ್ನೆ: 'ಎಲ್ಲಾದರೂ ಕ್ಯಾಷ್‌ನಲ್ಲಿ ಕೂತು ಅನುಭವ ಇದೆಯಾ?' ಇಲ್ಲ ಎಂದ ಕೂಡಲೇ ಬಯೋಡೇಟಾ ಮೇಜಿನ ಖಾನೆ ಸೇರುತ್ತಿತ್ತು. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆ, ಅಶೋಕ ರಸ್ತೆಗಳಲ್ಲಿ ಸುಮಾರು ಮೂರು ವಾರ ಹೀಗೆ ಅಲೆದ ಮೇಲೆ, ಮಂಡಿಪೇಟೆಯ ಒಂದು ದಿನಸಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದ 'ಕ್ಯಾಷಿಯರ್ ಬೇಕಾಗಿದ್ದಾರೆ' ಎಂಬ ಕೈಬರಹದ ಚೀಟಿ ನೋಡಿ ಒಳಗೆ ಹೋದೆ.

ಅಲ್ಲಿನ ಯಜಮಾನರು ನನ್ನ ಅಂಕಪಟ್ಟಿಯನ್ನು ತೆರೆಯಲೇ ಇಲ್ಲ. ಒಂದು ಡಬ್ಬಿಯಲ್ಲಿದ್ದ ಚಿಲ್ಲರೆಯನ್ನೂ ಮುದುಡಿದ ಹತ್ತು, ಇಪ್ಪತ್ತರ ನೋಟುಗಳನ್ನೂ ಮೇಜಿನ ಮೇಲೆ ಸುರಿದು, 'ಎಣಿಸಮ್ಮ, ಅವಸರ ಏನಿಲ್ಲ' ಎಂದು ಹೇಳಿ ಗಿರಾಕಿಗಳ ಕಡೆ ತಿರುಗಿದರು. ನಾನು ಮೊದಲು ನಾಣ್ಯಗಳನ್ನು ಬೆಲೆಯ ಪ್ರಕಾರ ಬೇರೆ ಮಾಡಿ ಹತ್ತು ಹತ್ತರ ಗುಡ್ಡೆ ಹಾಕಿದೆ. ನೋಟುಗಳ ಮಡಿಕೆ ಬಿಡಿಸಿ, ಗಾಂಧಿಯವರ ಮುಖ ಒಂದೇ ಕಡೆ ಬರುವಂತೆ ಜೋಡಿಸಿ ಎಣಿಸಿದೆ. ಎಣಿಸಿದ್ದನ್ನು ಅಲ್ಲೇ ಇದ್ದ ಹಳೆಯ ಬಿಲ್ಲಿನ ಹಿಂದೆ ಬರೆದು, ಇನ್ನೊಂದು ಸಲ ಹಿಂದಿನಿಂದ ಎಣಿಸಿ ತಾಳೆ ನೋಡಿದೆ. ಅವರು ಮೊತ್ತವನ್ನು ಕೇಳುವುದಕ್ಕೂ ಮುಂಚೆ ಆ ಬಿಲ್ಲಿನ ಹಿಂಭಾಗವನ್ನು ನೋಡಿದರು. ಮಾರನೆಯ ದಿನದಿಂದ ನನಗೆ ಕೆಲಸ ಸಿಕ್ಕಿತು. ಈ ಕೆಲಸಕ್ಕೆ ಬೇಕಾದದ್ದು ಲೆಕ್ಕದ ವೇಗಕ್ಕಿಂತ ಹೆಚ್ಚಾಗಿ ಕೈಗೆ ಕೂತ ಒಂದು ಕ್ರಮ ಎಂಬ ನನ್ನ ನಂಬಿಕೆ ಅಂದು ಹುಟ್ಟಿದ್ದು, ಇಂದಿಗೂ ಬದಲಾಗಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ನನ್ನ ಅಲೆದಾಟದಿಂದ ಹೇಳಬಹುದಾದದ್ದು ಇಷ್ಟು. ಅಂಗಡಿಗಳಿಗೆ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ನಡುವೆ ಹೋಗಬೇಕು. ಸಂಜೆಯ ನೂಕುನುಗ್ಗಲಿನಲ್ಲಿ, ಅಥವಾ ಸಂಬಳವಾದ ತಿಂಗಳ ಮೊದಲ ವಾರದಲ್ಲಿ ಹೋದರೆ ನಿಂತು ಮಾತನಾಡಲು ಯಾರಿಗೂ ಬಿಡುವಿರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿಯವರೆಗೆ ಬಟ್ಟೆ ಅಂಗಡಿಗಳಲ್ಲಿ ತಾತ್ಕಾಲಿಕವಾಗಿ ಜನರನ್ನು ತೆಗೆದುಕೊಳ್ಳುತ್ತಾರೆ, ಅಲ್ಲಿ ಎರಡು ತಿಂಗಳು ನಿಂತರೂ ಮುಂದಿನ ಅಂಗಡಿಯಲ್ಲಿ ಆ 'ಅನುಭವ'ದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್ ಕಲಿತಿದ್ದರೆ ಒಳ್ಳೆಯದೇ, ಆದರೆ ಬಿಲ್ಲಿಂಗ್ ಸಾಫ್ಟ್‌ವೇರನ್ನು ಪ್ರತಿ ಅಂಗಡಿಯವರೂ ತಾವೇ ಹೇಳಿಕೊಡುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಉರ್ದುವಿನ ನಾಲ್ಕು ಮಾತು ಮತ್ತು ಪಾವಗಡದ ಕಡೆಯವರು ಬಂದಾಗ ಆಡುವಷ್ಟು ತೆಲುಗು. ಕೆಲಸ ಕೊಡಿಸುತ್ತೇವೆಂದು ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬಾರದು, ಅಂಕಪಟ್ಟಿಯ ಜೆರಾಕ್ಸ್ ಬಿಟ್ಟು ಮೂಲ ಪ್ರತಿಯನ್ನು ಎಲ್ಲಿಯೂ ಒಪ್ಪಿಸಬಾರದು.

ಸೇರುವ ಮೊದಲೇ ಕೇಳಿಕೊಳ್ಳಬೇಕಾದ ಒಂದು ಮಾತನ್ನು ನಾನು ಕೇಳದೆ ನಷ್ಟಪಟ್ಟಿದ್ದೇನೆ. ಎರಡನೆಯದಾಗಿ ಸೇರಿದ ಒಂದು ಅಂಗಡಿಯಲ್ಲಿ ತಿಂಗಳ ಕೊನೆಗೆ ನನ್ನ ಸಂಬಳದಲ್ಲಿ 1,100 ರೂಪಾಯಿ ಕಡಿಮೆ ಬಂದಿತು. ಕೇಳಿದಾಗ, ಮೂರು ದಿನ ಶಾರ್ಟೇಜ್, ಅಂದರೆ ಪೆಟ್ಟಿಗೆಯಲ್ಲಿ ಲೆಕ್ಕಕ್ಕಿಂತ ಕಡಿಮೆ ಹಣ, ಬಂದಿತ್ತೆಂದೂ ಅದನ್ನು ಹಿಡಿದುಕೊಂಡಿರುವುದಾಗಿಯೂ ಹೇಳಿದರು. ಆ ಕೌಂಟರಿನಲ್ಲಿ ನಾನು ಊಟಕ್ಕೆ ಹೋದಾಗ ಇನ್ನಿಬ್ಬರು ಕೂರುತ್ತಿದ್ದರು, ರಾತ್ರಿಯ ಎಣಿಕೆಯನ್ನು ನನ್ನ ಎದುರಿಗೆ ಮಾಡುತ್ತಿರಲಿಲ್ಲ. ಯಾರ ಕೈಯಲ್ಲಿ ತಪ್ಪಾಯಿತೆಂದು ತಿಳಿಯುವ ದಾರಿಯೇ ಇಲ್ಲದಿದ್ದರೂ ಹಣ ಮಾತ್ರ ನನ್ನದು ಹೋಯಿತು. ಒಪ್ಪಿಸಿದ ಹಣ ನೌಕರರ ಅಲಕ್ಷ್ಯದಿಂದ ಕಳೆದುಹೋದರೆ ಸಂಬಳದಲ್ಲಿ ಹಿಡಿಯಲು ಕಾನೂನು ಅವಕಾಶ ಕೊಡುತ್ತದೆ, ಆದರೆ ಹಿಡಿಯುವ ಮೊದಲು ಅವರ ವಿವರಣೆ ಕೇಳಲೇಬೇಕು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆದ್ದರಿಂದ ಶಾರ್ಟೇಜ್ ಬಂದರೆ ಏನು ಕ್ರಮ, ಎಣಿಕೆ ಯಾರ ಎದುರಿಗೆ, ಒಂದು ಪೆಟ್ಟಿಗೆಗೆ ಎಷ್ಟು ಜನ ಎಂಬುದನ್ನು ಸಂಬಳದ ಮಾತಿನ ಜೊತೆಯಲ್ಲೇ ಕೇಳಬೇಕು. ವಾರದ ರಜೆ, ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವಿಷಯವನ್ನೂ ಕೇಳಲು ಸಂಕೋಚಪಡಬೇಕಾಗಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಷ್ಟು ಹಳೆಯದು, ವಾರದ ರಜೆಯ ಹಕ್ಕು ಅದರಲ್ಲಿಯೇ ಇದೆ.

ಈಗ ಕೌಂಟರಿನ ಕೆಲಸದ ವಿಷಯ. ಗಿರಾಕಿ ನೋಟು ಕೊಟ್ಟ ಕೂಡಲೇ ಅದನ್ನು ಖಾನೆಗೆ ಹಾಕುವುದು ಹೊಸಬರು ಮಾಡುವ ದೊಡ್ಡ ತಪ್ಪು. ನಾನು ನೋಟನ್ನು ಕೈಗೆ ತೆಗೆದುಕೊಂಡು 'ಐನೂರು ಕೊಟ್ಟಿದ್ದೀರಿ ಅಮ್ಮ' ಎಂದು ಅವರಿಗೆ ಕೇಳುವಂತೆ ಹೇಳಿ, ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಇಡುತ್ತೇನೆ. ಚಿಲ್ಲರೆ ಅವರ ಕೈ ಸೇರಿ, ಅವರು ಎಣಿಸಿಕೊಂಡ ಮೇಲೆಯೇ ಆ ನೋಟು ಒಳಗೆ ಹೋಗುತ್ತದೆ. ಚಿಲ್ಲರೆ ಕೊಡುವಾಗ ಕಳೆಯುವ ಲೆಕ್ಕ ಮಾಡದೆ ಕೂಡುತ್ತಾ ಹೋಗುತ್ತೇನೆ: ಬಿಲ್ಲು 347 ರೂಪಾಯಿ ಆಗಿದ್ದರೆ, ಮೂರು ರೂಪಾಯಿ ಇಟ್ಟು 'ಮುನ್ನೂರೈವತ್ತು', ಐವತ್ತು ಇಟ್ಟು 'ನಾನೂರು', ನೂರು ಇಟ್ಟು 'ಐನೂರು'. ಹೀಗೆ ಮಾಡಿದರೆ ಲೆಕ್ಕ ಗಿರಾಕಿಯ ಕಣ್ಣೆದುರಿಗೇ ಆಗುತ್ತದೆ, ಓದು ಬಾರದ ಅಜ್ಜಿಗೂ ತನಗೆ ಬರಬೇಕಾದ್ದು ಬಂದಿದೆ ಎಂದು ತಿಳಿಯುತ್ತದೆ. 'ನಾನು ಕೊಟ್ಟಿದ್ದು ನೂರಲ್ಲ, ಐನೂರು' ಎಂಬ ಜಗಳ ಈ ಅಭ್ಯಾಸ ಬಂದ ಮೇಲೆ ನನ್ನ ಕೌಂಟರಿನಲ್ಲಿ ಬಹುತೇಕ ನಿಂತೇ ಹೋಯಿತು.

ನೋಟನ್ನು ಪರೀಕ್ಷಿಸುವುದು ಮೊದಲು ಬೆರಳಿನ ಕೆಲಸ, ಆಮೇಲೆ ಕಣ್ಣಿನದು. ಐನೂರರ ನೋಟಿನ ಎಡ ಬಲ ಅಂಚುಗಳಲ್ಲಿ ಉಬ್ಬಿದ ಐದೈದು ಓರೆಗೆರೆಗಳು ಬೆರಳಿಗೆ ತಗುಲಬೇಕು. ನೂರರಲ್ಲಿ ಅವು ನಾಲ್ಕು ಇರುತ್ತವೆ. ಐನೂರನ್ನು ಸ್ವಲ್ಪ ಓರೆ ಮಾಡಿದರೆ ನಡುವಿನ ದಾರದ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. ಅನುಮಾನ ಬಂದರೆ 'ಈ ನೋಟು ಬೇಡ ಅಣ್ಣ, ಬೇರೆ ಕೊಡಿ' ಎಂದು ಮೆಲ್ಲಗೆ ಹೇಳುತ್ತೇನೆ, ಯಾಕೆಂದರೆ ಎದುರಿಗಿರುವವರೂ ಗೊತ್ತಿಲ್ಲದೆ ಯಾರಿಂದಲೋ ಅದನ್ನು ಪಡೆದಿರುವ ಸಾಧ್ಯತೆಯೇ ಹೆಚ್ಚು, ಎಲ್ಲರ ಮುಂದೆ ಅವರನ್ನು ಕಳ್ಳರಂತೆ ಕಾಣಬಾರದು. ಒಮ್ಮೆ ನಾನು ಗಮನಿಸದೆ ಬಿಟ್ಟ ಖೋಟಾ ನೋಟೊಂದು ಬ್ಯಾಂಕಿನವರೆಗೆ ಹೋಯಿತು. ಅವರು ಅದರ ಮೇಲೆ ಮುದ್ರೆ ಒತ್ತಿ ತಾವೇ ಇಟ್ಟುಕೊಂಡು ರಸೀದಿ ಕೊಟ್ಟರು, ಬೆಲೆ ಕೊಡಲಿಲ್ಲ. ಹರಿದ ನೋಟಿನ ಮಾತು ಬೇರೆ, ಅದನ್ನು ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಬಹುದು. ಹತ್ತು ರೂಪಾಯಿ ನಾಣ್ಯ 'ನಡೆಯಲ್ಲ' ಎಂದು ನಮ್ಮ ಕಡೆ ಬಹಳ ದಿನ ಸುದ್ದಿ ಹಬ್ಬಿತ್ತು. ಚಲಾವಣೆಯಲ್ಲಿರುವ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟಪಡಿಸಿದ ಪತ್ರಿಕಾ ಸುದ್ದಿಯನ್ನು ಕತ್ತರಿಸಿ ಕೌಂಟರಿನ ಗಾಜಿಗೆ ಅಂಟಿಸಿದ ಮೇಲೆಯೂ ಅದನ್ನು ಒಪ್ಪಿಸಲು ನನಗೆ ತಿಂಗಳುಗಳೇ ಹಿಡಿದವು.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದ ಮೇಲಿನ ವಾರಗಳನ್ನು ಆಗ ಕ್ಯಾಷ್‌ನಲ್ಲಿ ಕೂತಿದ್ದ ಯಾರೂ ಮರೆಯುವುದಿಲ್ಲ. ಹೊಸ ಎರಡು ಸಾವಿರದ ನೋಟು ಹಿಡಿದು ಇನ್ನೂರು ರೂಪಾಯಿಯ ಬೇಳೆ ಕೇಳುವವರಿಗೆ ಕೊಡಲು ನೂರರ ನೋಟುಗಳೇ ಇರುತ್ತಿರಲಿಲ್ಲ. ಗುರುತಿನ ಮನೆಗಳವರಿಗೆ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಟ್ಟೆವು. ಹಣ ಬರಲು ಕೆಲವರಿಗೆ ಸಂಕ್ರಾಂತಿಯವರೆಗೆ ತಡವಾದರೂ ನಮ್ಮ ಪುಸ್ತಕದ ಒಂದು ಸಾಲೂ ಬಾಕಿ ಉಳಿಯಲಿಲ್ಲ ಎಂಬುದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಇಂದು ನಮ್ಮ ಅಂಗಡಿಯಲ್ಲಿ ಅರ್ಧದಷ್ಟು ವ್ಯಾಪಾರ ಯುಪಿಐ ಮೂಲಕ ಆಗುತ್ತಿದೆ, ಅದರಿಂದ ಕ್ಯಾಷಿಯರ್ ಕೆಲಸ ಹಗುರವಾಗಿದೆ ಎಂದು ಹೊರಗಿನವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ತಪ್ಪಿನ ಜಾಗ ಬದಲಾಗಿದೆ, ಅಷ್ಟೆ. ಗಿರಾಕಿ ತೋರಿಸುವ ಮೊಬೈಲ್ ಪರದೆಯನ್ನು ನಾನು ನಂಬುವುದಿಲ್ಲ. ಹಣ ಬಂದದ್ದನ್ನು ಹೇಳುವ ನಮ್ಮ ಸೌಂಡ್‌ಬಾಕ್ಸ್ ಕೂಗಬೇಕು, ಇಲ್ಲವೇ ನಮ್ಮ ಖಾತೆಯ ಆ್ಯಪ್‌ನಲ್ಲಿ ಮೊತ್ತ ಕಾಣಿಸಬೇಕು. ಕಳೆದ ವರ್ಷ ಗೌರಿ ಹಬ್ಬದ ಹಿಂದಿನ ರಾತ್ರಿ ನಡೆದದ್ದನ್ನು ಇಲ್ಲಿ ಹೇಳುತ್ತೇನೆ. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಚಿಲ್ಲರೆಗೆಂದು 3,000 ರೂಪಾಯಿ ಇತ್ತು. ದಿನದ ಒಟ್ಟು ಬಿಲ್ಲು 64,480. ಅದರಲ್ಲಿ ಬಿಲ್ಲಿನ ಪ್ರಕಾರ ಯುಪಿಐ 31,250, ಕಾರ್ಡು 9,840. ಅಂದರೆ ನಗದು 23,390. ಹಾಲಿನ ಗಾಡಿಯವನಿಗೆ ಪೆಟ್ಟಿಗೆಯಿಂದ 640 ಕೊಟ್ಟಿದ್ದ ಚೀಟಿ ಇತ್ತು. ಹಾಗಾಗಿ ಪೆಟ್ಟಿಗೆಯಲ್ಲಿ 25,750 ಇರಬೇಕಿತ್ತು, ಎರಡು ಸಲ ಎಣಿಸಿದರೂ ಇದ್ದದ್ದು 25,250. ಮೊದಲಾಗಿದ್ದರೆ ನನಗೆ ಕೈ ನಡುಗುತ್ತಿತ್ತು. ಈಗ ಮ್ಯಾನೇಜರನ್ನು ಕರೆದು ಐನೂರು ಕಡಿಮೆ ಇದೆ ಎಂದು ಆಗಲೇ ಹೇಳಿ, ಆ್ಯಪ್ ತೆರೆದು ಅಂದು ಬಂದ ಮೊತ್ತ ನೋಡಿದೆ: 31,750. ಸಂಜೆ ಏಳರ ಗದ್ದಲದಲ್ಲಿ 500 ರೂಪಾಯಿಯ ಒಂದು ಬಿಲ್ಲನ್ನು ಯುಪಿಐ ಬದಲು ನಗದು ಎಂದು ಒತ್ತಿದ್ದೆ, ಹಣ ಎಲ್ಲಿಯೂ ಹೋಗಿರಲಿಲ್ಲ. ಕಡಿಮೆ ಬಿದ್ದದ್ದನ್ನು ಸ್ವಂತ ಪರ್ಸಿನಿಂದ ತುಂಬಿ ಸುಮ್ಮನಾಗುವ ಹುಡುಗಿಯರನ್ನು ನಾನು ಕಂಡಿದ್ದೇನೆ. ಅಂದು ನಾನೂ ಹಾಗೆ ಮಾಡಿದ್ದರೆ ನನ್ನ ಐನೂರು ಹೋಗುತ್ತಿತ್ತು, ಲೆಕ್ಕದಲ್ಲಿ ತಪ್ಪು ಹಾಗೆಯೇ ಉಳಿಯುತ್ತಿತ್ತು.

ಹೆಚ್ಚು ಬಂದರೂ ಹೀಗೆಯೇ. ಹೆಚ್ಚು ಬಂದ ನೂರು ರೂಪಾಯಿ ಬಿಲ್ಲು ಒತ್ತಿದ ತಪ್ಪಲ್ಲದಿದ್ದರೆ, ಯಾವುದೋ ಗಿರಾಕಿಗೆ ಚಿಲ್ಲರೆ ಕಡಿಮೆ ಹೋಗಿರಬಹುದು. ಅದನ್ನು ಬೇರೆ ಕವರಿನಲ್ಲಿಟ್ಟು ದಿನಾಂಕ ಬರೆಯುತ್ತೇವೆ, ಕೇಳಿಕೊಂಡು ಬಂದವರೂ ಇದ್ದಾರೆ.

ಕಾಲು ನೋವು, ಊಟದ ಹೊತ್ತು ತಪ್ಪುವುದು, ರಾತ್ರಿ ಲೆಕ್ಕ ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗುವುದು ಈ ಕೆಲಸದಲ್ಲಿ ಇದ್ದದ್ದೇ. ಬಸ್ಸಿನ ಕಾರಣಕ್ಕೆ ನಾನು ಮೂರನೆಯ ವರ್ಷ ತುಮಕೂರಿನಲ್ಲೇ ಕೊಠಡಿ ಮಾಡಿದೆ.

ಈಗ ನಾನಿರುವ ಅಂಗಡಿಯಲ್ಲಿ ನಾಲ್ಕು ಕೌಂಟರುಗಳಿವೆ, ಹೊಸಬರಿಗೆ ಕೆಲಸ ಹೇಳಿಕೊಡುವುದು ನನ್ನ ಪಾಲಿಗೆ ಬಂದಿದೆ. ಮೊದಲ ದಿನ ನಾನು ಅವರಿಗೆ ಕಂಪ್ಯೂಟರ್ ಮುಟ್ಟಿಸುವುದಿಲ್ಲ. ಸ್ವಂತ ಹಣ ಪೆಟ್ಟಿಗೆಯ ಹಣದ ಜೊತೆ ಬೆರೆಯದಿರಲೆಂದು, ಒಳಗೆ ಬರುವ ಮೊದಲು ತಮ್ಮ ಪರ್ಸಿನಲ್ಲಿರುವ ಹಣವನ್ನು ಎಣಿಸಿ ಬಾಗಿಲ ಬಳಿಯ ಪುಸ್ತಕದಲ್ಲಿ ಬರೆದು ಸಹಿ ಮಾಡಲು ಹೇಳುತ್ತೇನೆ. ಹೋದ ತಿಂಗಳು ಸೇರಿದ ಕ್ಯಾತ್ಸಂದ್ರದ ಹುಡುಗಿಯೊಬ್ಬಳು ಇದು ತನ್ನ ಮೇಲಿನ ಅನುಮಾನವೆಂದು ತಿಳಿದು ಮುಖ ಚಿಕ್ಕದು ಮಾಡಿಕೊಂಡಳು. ಅದೇ ಪುಟದಲ್ಲಿ ಅವಳ ಹೆಸರಿನ ಮೇಲಿನ ಸಾಲಿನಲ್ಲಿ ಅಂದು ಬೆಳಿಗ್ಗೆ ನಾನು ಬರೆದಿದ್ದ 270 ರೂಪಾಯಿ ಮತ್ತು ನನ್ನ ಸಹಿಯನ್ನು ತೋರಿಸಿದೆ. ಅವಳು ಪೆನ್ನು ತೆಗೆದುಕೊಂಡು ತನ್ನ ಹಣವನ್ನು ಎರಡು ಸಲ ಎಣಿಸಿ ಬರೆದಳು.