ನೆಲ್ಲಿ ಸಸಿ ಕೊಳ್ಳುವಾಗ ಗಂಟು ನೋಡಿ

ಮೃಗಶಿರ ಮಳೆ ಬಿತ್ತು ಅಂದ್ರೆ ಕಲಬುರಗಿಯ ಓಣಿಗಳಿಗೆ ಸಸಿಯ ತಳ್ಳುಗಾಡಿ ಬರುತ್ತದೆ. ನಮ್ಮ ಹುಡುಗರು ಎದೆಯುದ್ದ ಬೆಳೆದ, ಎಲೆ ಮಿರಮಿರ ಅನ್ನುವ ನೆಲ್ಲಿಯನ್ನೇ ಆರಿಸುತ್ತಾರೆ. ವರ್ಷಗಟ್ಟಲೆ ನೀರು ಹಾಕಿ, ಆಮೇಲೆ ‘ಆಯಿ, ಕಾಯಿ ಬಿಡವಲ್ದು ನೋಡ್ರಿ’ ಅಂತ ಬರುತ್ತಾರೆ. ಹೇಗೆ ಬಿಟ್ಟೀತು? ಅದು ಬೀಜದ ಸಸಿ. ಕಾಯಿ ಬಿಡಲು 7-8 ವರ್ಷ ಬೇಕು, ಬಿಟ್ಟರೂ ಗೋಲಿಯಷ್ಟೋ ನಿಂಬೆಯಷ್ಟೋ ಹೇಳಲಾಗದು. ಕಸಿ ಸಸಿಯಾದರೆ, ಅಂದರೆ ಬೀಜದ ಸಸಿಯ ಬುಡಕ್ಕೆ ಒಳ್ಳೆ ತಳಿಯ ಕಡ್ಡಿ ಕೂಡಿಸಿದ್ದಾದರೆ, 3-4 ವರ್ಷಕ್ಕೇ ಶುರು.

ತೋಟಗಾರಿಕೆ ಇಲಾಖೆಯ ನರ್ಸರಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬೀದರದವರಿಗೆ ತೋಟಗಾರಿಕೆ ಕಾಲೇಜು ಊರಲ್ಲೇ ಇದೆ. ನೆಲ್ಲಿ ಇದೆಯಾ ಅಂತ ಕೇಳಿಕೊಂಡೇ ಹೊರಡಿ. ಎನ್‌ಎ-7, ಕೃಷ್ಣ, ಕಾಂಚನ, ಚಕೈಯಾ, ಇವುಗಳಲ್ಲಿ ಎರಡು ಬೇರೆ ತಳಿ ತನ್ನಿ. ಒಂದೇ ತಳಿ ಒಂಟಿಯಾಗಿದ್ದರೆ ಹೂವು ಬಂದರೂ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಜಾಗ ಇಲ್ಲದಿದ್ದರೆ ಪಕ್ಕದ ಮನೆಯವರಿಗೆ ಇನ್ನೊಂದು ತಳಿ ಹಾಕಲು ಹೇಳಿ.

ಈಗ ಗಂಟಿನ ವಿಷಯ. ಇದನ್ನು ನೋಡದೆ ದುಡ್ಡು ಕೊಡಬೇಡಿ. ಸಸಿಯ ಬುಡದಿಂದ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಸವರಿ. ಗೇಣಿನ ಆಸುಪಾಸಿನಲ್ಲಿ ಒಂದು ಉಬ್ಬು, ಸಣ್ಣ ಸೊಟ್ಟ ಸಿಗಬೇಕು. ಅದೇ ಕಸಿ ಗಂಟು. ಬುಡದಿಂದ ತುದಿತನಕ ನುಣ್ಣಗಿದ್ದರೆ ಅಲ್ಲೇ ಇಟ್ಟು ಬನ್ನಿ. ಗಂಟು ಸಿಕ್ಕರೂ ಚಿಗುರು ಎಲ್ಲಿಂದ ಎದ್ದಿದೆ ನೋಡಿ. ಗಂಟಿನ ಮೇಲಿನದು ಮಾತ್ರ ನಿಮ್ಮ ತಳಿ, ಕೆಳಗಿನದು ಕಾಡು ನೆಲ್ಲಿ. ಎಷ್ಟೋ ಸಸಿಗಳಲ್ಲಿ ಕಸಿ ಸತ್ತು, ಕೆಳಗಿನ ಚಿಗುರೇ ಸೊಂಪಾಗಿ ನಿಂತಿರುತ್ತದೆ! ಮನೆಗೆ ತಂದ ಮೇಲೆ ಗಂಟು ಪೂರ್ತಿ ಕೂಡಿದ್ದರೆ ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಬಿಚ್ಚದಿದ್ದರೆ ಅದು ತೊಗಟೆ ಕೊರೆಯುತ್ತದೆ. ಆಮೇಲೆ ಗಂಟಿನ ಸರಿ ಮೇಲೆ ಹಳೆ ಸೀರೆಯ ಕೆಂಪು ಅಂಚನ್ನು ಸಡಿಲವಾಗಿ ಕಟ್ಟಿ, ಕಿರುಬೆರಳು ತೂರುವಷ್ಟು. ಕೆಂಪಿನ ಕೆಳಗೆ ಏನೇ ಚಿಗುರಲಿ, ಎಳೆಯದಿದ್ದಾಗಲೇ ಚಿವುಟಿಬಿಡಿ. ಕಾಂಡ ದಪ್ಪವಾದಂತೆ ಬಿಚ್ಚಿ ಮತ್ತೆ ಕಟ್ಟಿ. ನಮ್ಮ ಅತ್ತೆ ಹಿತ್ತಲಿನ ಮಾವಿಗೂ ಹೀಗೇ ಕಟ್ಟುತ್ತಿದ್ದರು. ಅಂಚು ಹರಿದುಕೊಂಡ ಮೇಲೆ ಉಳಿದ ಸೀರೆ ಎಸೆಯಬೇಡಿ, ಕೌದಿಗೆ ಬರುತ್ತದೆ.

ನೆಡುವಾಗ ಗಂಟು ಮಣ್ಣಿನ ಮೇಲೇ ಇರಲಿ, ಹೂಳಬೇಡಿ. ನಮ್ಮ ಎರೆ ಮಣ್ಣಲ್ಲಿ ನೀರು ನಿಲ್ಲುತ್ತದೆ, ಬುಡ ಸ್ವಲ್ಪ ದಿಬ್ಬವಾಗಿರಲಿ. ಗುಂಡಿಗೆ ಕಳಿತ ತಿಪ್ಪೆಗೊಬ್ಬರ ಕೈತುಂಬ ಹಾಕಿ. ಮೊದಲ ಎರಡು ಬೇಸಿಗೆ ಪಡುವಣ ದಿಕ್ಕಿಗೆ ತೊಗರಿ ಕಟ್ಟಿಗೆ ನೆಟ್ಟು ನೆರಳು ಕೊಡಿ, ನೀರು ಸಂಜೆ ಹಾಕಿ.