ನನ್ನ ಉಯಿಲನ್ನು ಎಲ್ಲಿಟ್ಟೆ, ಏಕೆ ಅಲ್ಲಿಯೇ ಇಟ್ಟೆ

ನಮ್ಮ ತಂದೆಯವರು ಉಯಿಲು ಬೀರುವಿನಲ್ಲಿದೆ ಎಂದಷ್ಟೇ ಹೇಳಿ ತೀರಿಕೊಂಡರು. ಬೀರುವಿನಲ್ಲಿ ಅದು ಇರಲಿಲ್ಲ. ಒಂದೂವರೆ ವರ್ಷದ ನಂತರ ಅಟ್ಟವನ್ನು ಗುಡಿಸುವಾಗ ಹಳೆಯ ಪಂಚಾಂಗಗಳ ಕಟ್ಟಿನ ನಡುವೆ ಸಿಕ್ಕಿತು. ಕೊನೆಯ ಹಾಳೆಯ ಕೆಳತುದಿಯನ್ನು ಗೆದ್ದಲು ತಿಂದು, ಇಬ್ಬರು ಸಾಕ್ಷಿಗಳಲ್ಲಿ ಒಬ್ಬರ ಸಹಿ ಅರ್ಧ ಮಾತ್ರ ಉಳಿದಿತ್ತು. ಅಷ್ಟು ಹೊತ್ತಿಗೆ ನಾವು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗಿತ್ತು. ಅಪ್ಪ ಸೋದರತ್ತೆಗೆಂದು ಬರೆದಿದ್ದ ಹತ್ತು ಗುಂಟೆ ಅಡಿಕೆ ತೋಟ ತಮ್ಮನ ಪಾಲಿಗೆ ಸೇರಿತ್ತು. ಅದನ್ನು ಅತ್ತೆಗೆ ಮರಳಿಸಲು ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಆಗ ವಕೀಲರು ಹೇಳಿದ ಒಂದು ಮಾತು ಇಂದಿಗೂ ನೆನಪಿದೆ. ಬರೆದವರ ಬಳಿಯೇ ಇದ್ದ ಉಯಿಲು ಅವರ ಮರಣಾನಂತರ ಸಿಗದಿದ್ದರೆ, ಅವರೇ ಅದನ್ನು ಹರಿದು ಹಾಕಿ ರದ್ದುಪಡಿಸಿರಬೇಕೆಂದು ನ್ಯಾಯಾಲಯ ಊಹಿಸಲು ಅವಕಾಶವಿದೆಯಂತೆ.

ಹೀಗಾಗಿ ನಿವೃತ್ತನಾದ ಮೇಲೆ ನನ್ನ ಉಯಿಲು ಬರೆದಾಗ, ಬರೆಯುವುದಕ್ಕಿಂತ ಹೆಚ್ಚು ದಿನ ಅದನ್ನು ಇಡುವ ಜಾಗಕ್ಕಾಗಿ ಯೋಚಿಸಿದೆ. ಮನೆಯಲ್ಲಿಡುವುದನ್ನು ಮೊದಲೇ ಬಿಟ್ಟೆ. ಮಲೆನಾಡಿನ ಮನೆಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕಾಗದ ತಾನಾಗಿಯೇ ಮೆತ್ತಗಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾರ ಕೈಗೆ ಮೊದಲು ಸಿಗುತ್ತದೆ ಎಂಬುದು ನನ್ನ ಹತೋಟಿಯಲ್ಲಿ ಇರುವುದಿಲ್ಲ.

ಬ್ಯಾಂಕ್ ಲಾಕರ್ ಎರಡನೆಯ ಯೋಚನೆಯಾಗಿತ್ತು. ಲಾಕರ್ ನನ್ನೊಬ್ಬನ ಹೆಸರಿನಲ್ಲಿದ್ದು, ನಾಮಿನಿಯನ್ನು ಸೂಚಿಸಿರಲಿಲ್ಲ. ನಾನು ಸತ್ತ ಮೇಲೆ ಲಾಕರ್ ತೆರೆಸುವವರು ತಮಗೆ ಹಕ್ಕಿದೆಯೆಂದು ತೋರಿಸಬೇಕಾಗುತ್ತದೆ. ಆ ಹಕ್ಕನ್ನು ತೋರಿಸುವ ಕಾಗದವೇ ಲಾಕರಿನ ಒಳಗಿದ್ದರೆ ಅವರು ಏನು ಮಾಡಬೇಕು? ನಾಮಿನಿ ಮಾಡಿಸಿದರೆ ಈ ತೊಡಕು ಬಹುಮಟ್ಟಿಗೆ ನೀಗುತ್ತದೆ, ನಿಜ. ಆದರೆ ನಾಮಿನಿಯಾಗುವವನೇ ಉಯಿಲಿನಿಂದ ಕಡಿಮೆ ಪಾಲು ಪಡೆಯುವವನಾದರೆ ಎಂಬ ಅನುಮಾನ ನನ್ನನ್ನು ಬಿಡಲಿಲ್ಲ. ಮನೆಯವರ ಬಗ್ಗೆ ಹೀಗೆ ಯೋಚಿಸಲು ಸಂಕೋಚವೇ ಆಯಿತು.

ನೋಂದಣಿ ಮಾಡಿಸುವುದು ಮೂರನೆಯ ದಾರಿ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಅದರ ನಕಲು ನೋಂದಣಿ ಕಚೇರಿಯಲ್ಲಿ ಉಯಿಲುಗಳನ್ನು ದಾಖಲಿಸುವ 3ನೇ ಪುಸ್ತಕದಲ್ಲಿ ಉಳಿಯುತ್ತದೆ, ಬರೆದವರು ಬದುಕಿರುವವರೆಗೆ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಹೊರತು ಬೇರೆಯವರಿಗೆ ಅದರ ನಕಲು ಕೊಡುವುದಿಲ್ಲ. ಕಾನೂನೇನೋ ಹೀಗೆ ಗುಟ್ಟು ಕಾಯುತ್ತದೆ. ಆದರೆ ನಮ್ಮದು ಸಣ್ಣ ಊರು. ಪತ್ರ ಬರಹಗಾರರ ಮೇಜಿನಿಂದ ಕಚೇರಿ ಮುಂದಿನ ಚಹಾ ಅಂಗಡಿಗೆ ಇರುವುದು ಹತ್ತೇ ಹೆಜ್ಜೆ. ಮೂಲ ಪ್ರತಿಯಂತೂ ಮತ್ತೆ ನನ್ನ ಕೈಗೇ ಬರುವುದರಿಂದ, ಎಲ್ಲಿಡುವುದೆಂಬ ಪ್ರಶ್ನೆ ಇದ್ದಲ್ಲೇ ಉಳಿಯುತ್ತಿತ್ತು.

ಕೊನೆಗೆ ನಾನು ಆರಿಸಿಕೊಂಡದ್ದು 1908ರ ನೋಂದಣಿ ಕಾಯ್ದೆಯ 42ನೇ ಕಲಮಿನಲ್ಲಿರುವ, ಹೆಚ್ಚು ಜನ ಬಳಸದ ಒಂದು ಸೌಲಭ್ಯವನ್ನು. ಉಯಿಲನ್ನು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಜಿಲ್ಲಾ ನೋಂದಣಾಧಿಕಾರಿಯವರ ಬಳಿ ಠೇವಣಿ ಇಡಬಹುದು. ಒಳಗೇನಿದೆ ಎಂದು ಅವರು ಓದುವುದಿಲ್ಲ. ಇದರಲ್ಲೊಂದು ಅಪಾಯವೂ ಇದೆ. ಓದದ ಕಾರಣ ತಪ್ಪನ್ನೂ ಯಾರೂ ಹಿಡಿಯುವುದಿಲ್ಲ. ಆದ್ದರಿಂದ ಲಕೋಟೆ ಮುಚ್ಚುವ ಮುನ್ನ ಪ್ರತಿ ಪುಟಕ್ಕೂ ನನ್ನ ಸಹಿ ಇದೆಯೇ, ಇಬ್ಬರು ಸಾಕ್ಷಿಗಳ ಸಹಿ ಸರಿಯಾಗಿದೆಯೇ ಎಂದು ಎರಡು ಬಾರಿ ನೋಡಿದೆ. ಸಾಕ್ಷಿಗಳಾಗಿ ನನಗಿಂತ ಬಹಳ ಚಿಕ್ಕವರನ್ನೇ ಕರೆದಿದ್ದೆ, ಏಕೆಂದರೆ ಮುಂದೆ ನ್ಯಾಯಾಲಯದಲ್ಲಿ ನುಡಿಯಲು ಅವರಲ್ಲಿ ಒಬ್ಬರಾದರೂ ಇರಬೇಕು. ಹಾಳೆಗಳಿಗೆ ಒಮ್ಮೆ ಹಾಕಿದ ಪಿನ್ನನ್ನು ಮತ್ತೆ ತೆಗೆಯಲಿಲ್ಲ. ಹೆಚ್ಚುವರಿ ತೂತುಗಳು ಕಂಡರೆ ಹಾಳೆ ಬದಲಿಸಿದ್ದಾರೆ ಎನ್ನಲು ಅಷ್ಟೇ ಸಾಕು. ಲ್ಯಾಮಿನೇಷನ್ ಮಾಡಿಸೆಂದು ತಮ್ಮ ಹೇಳಿದ್ದನ್ನೂ ಕೇಳಲಿಲ್ಲ, ಸಹಿಯನ್ನು ಪರೀಕ್ಷಿಸಬೇಕಾಗಿ ಬಂದರೆ ಆ ಪ್ಲಾಸ್ಟಿಕ್ಕೇ ಅಡ್ಡಿಯಾಗುತ್ತದೆ.

ಲಕೋಟೆಯ ಮೇಲೆ ನನ್ನ ಹೆಸರನ್ನೂ, ಒಳಗಿರುವುದು ಉಯಿಲು ಎಂಬುದನ್ನೂ ಬರೆದು, ಅಂಟಿಸಿದ ಕಡೆ ಅರಗು ಕರಗಿಸಿ, ಅಪ್ಪನ ಕಾಲದ ಹಿತ್ತಾಳೆ ಮುದ್ರೆಯನ್ನು ಒತ್ತಿದೆ. ಅದರಲ್ಲಿ ಅವರ ಹೆಸರಿನ ಎರಡು ಅಕ್ಷರಗಳಿವೆ. ಲಕೋಟೆ ಕೊಟ್ಟ ವರ್ಷ, ತಿಂಗಳು, ದಿನವಷ್ಟೇ ಅಲ್ಲದೆ ಗಂಟೆಯನ್ನೂ, ನನ್ನನ್ನು ಗುರುತಿಸಿದವರ ಹೆಸರನ್ನೂ ಠೇವಣಿಗಳ ದಾಖಲೆಯಾದ 5ನೇ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಯಮ. ಮುದ್ರೆಯಲ್ಲಿ ಓದಲು ಬರುವ ಅಕ್ಷರಗಳಿದ್ದರೆ ಅವನ್ನೂ ಬರೆದುಕೊಳ್ಳಬೇಕು. ಆ ಎರಡು ಅಕ್ಷರಗಳು ಪುಸ್ತಕಕ್ಕೇರಿದಾಗ ನನಗೆ ಏಕೋ ಸಮಾಧಾನವಾಯಿತು. ಆಮೇಲೆ ಲಕೋಟೆ ಅಲ್ಲಿನ ಅಗ್ನಿನಿರೋಧಕ ಪೆಟ್ಟಿಗೆಗೆ ಸೇರುತ್ತದೆ.

ನನ್ನ ಮರಣಾನಂತರ ಯಾರಾದರೂ ಅರ್ಜಿ ಸಲ್ಲಿಸಿದರೆ, ಅರ್ಜಿದಾರರ ಎದುರಿಗೇ ಲಕೋಟೆಯನ್ನು ತೆರೆದು, ಅವರ ಖರ್ಚಿನಲ್ಲಿ 3ನೇ ಪುಸ್ತಕಕ್ಕೆ ನಕಲು ಮಾಡಿ, ಮೂಲವನ್ನು ಮತ್ತೆ ಅಲ್ಲಿಯೇ ಇಡುತ್ತಾರೆ. ಆದರೆ ನಾನು ಸತ್ತ ಸುದ್ದಿಯನ್ನು ಕಚೇರಿ ತಾನಾಗಿ ತಿಳಿದುಕೊಂಡು ಯಾರಿಗೂ ಪತ್ರ ಬರೆಯುವುದಿಲ್ಲ. ಅದಕ್ಕಾಗಿ ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವವಳು, ಆಗಿ ಹೆಸರಿಸಿರುವ ಅಕ್ಕನ ಮಗಳನ್ನು ಕೂರಿಸಿಕೊಂಡು, ಉಯಿಲಿನಲ್ಲಿ ಏನಿದೆ ಎಂಬುದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದೆ. "ಮಾವ, ಇದನ್ನೆಲ್ಲ ಈಗಲೇ ಯಾಕೆ ಹೇಳ್ತೀರಿ?" ಎಂದು ಮುಖ ತಿರುಗಿಸಿದಳು. ಆದರೂ ಠೇವಣಿಯ ವಿವರ ಬರೆದುಕೊಟ್ಟ ಚೀಟಿಯನ್ನು ತೆಗೆದುಕೊಂಡಳು.

ಎರಡು ವರ್ಷಗಳ ನಂತರ ಒಂದು ನಿವೇಶನವನ್ನು ಮಾರಿದ್ದರಿಂದ ಉಯಿಲು ಬದಲಾಗಬೇಕಾಯಿತು. ಠೇವಣಿಯನ್ನು ಅರ್ಜಿ ಕೊಟ್ಟು ಹಿಂಪಡೆದು, ಹೊಸದನ್ನು ಬರೆದು ಸಾಕ್ಷಿಗಳ ಸಹಿ ಪಡೆದ ಬಳಿಕವೇ ಹಳೆಯದನ್ನು ಹರಿದು ಒಲೆಗೆ ಹಾಕಿದೆ. ಹೊಸದನ್ನೂ ಹಾಗೆಯೇ ಠೇವಣಿ ಇಟ್ಟೆ. ಹಳೆಯದರ ಜೆರಾಕ್ಸ್ ಪ್ರತಿಯೊಂದು ನನ್ನ ಮೇಜಿನ ಖಾನೆಯಲ್ಲಿಯೇ ಉಳಿದಿದ್ದುದು ಮೂರು ತಿಂಗಳ ನಂತರ ಕಣ್ಣಿಗೆ ಬಿತ್ತು, ಅದನ್ನೂ ಸುಟ್ಟೆ. ಈಗ ಮನೆಯಲ್ಲಿರುವುದು ಠೇವಣಿಯ ದಿನಾಂಕ, ಕಚೇರಿಯ ಹೆಸರು, ಇಬ್ಬರು ಸಾಕ್ಷಿಗಳ ವಿಳಾಸ ಬರೆದ ಒಂದು ಚೀಟಿ ಮಾತ್ರ. ಅದು ರೇಷನ್ ಕಾರ್ಡಿನ ಕವರಿನೊಳಗಿದೆ, ಏಕೆಂದರೆ ಆ ಕವರನ್ನು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಕಳೆದಿಲ್ಲ.