ಸರ್ವೆ ನಂಬರಿನ ಮೇಲೆ ಸಮಪಾತಳಿ: ಜಲಾನಯನ ಯೋಜನೆಯನ್ನು ಭೂದಾಖಲೆಗೆ ಹೊಂದಿಸಿದ ಬಗೆ

ಮಣ್ಣು-ನೀರು ಉಳಿಸುವ ಅಂತರರಾಷ್ಟ್ರೀಯ ಕೈಪಿಡಿಗಳಲ್ಲಿ ಹೊಲ ಅಂದರೆ ಇಳಿಜಾರು, ಮಣ್ಣಿನ ಆಳ, ಮಳೆ. ನಮ್ಮ ಕಂದಾಯ ದಾಖಲೆಯಲ್ಲಿ ಹೊಲ ಅಂದರೆ ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಪಾಲು), ಖಾತೆ, ಖರಾಬು (ಸಾಗುವಳಿ ಲೆಕ್ಕಕ್ಕೆ ಬಾರದ ನೆಲ). ನೀರು ಹರಿಯುವುದು ಮೊದಲನೆಯದರ ಪ್ರಕಾರ, ದುಡ್ಡು ಮಂಜೂರಾಗುವುದು ಎರಡನೆಯದರ ಪ್ರಕಾರ. ಚಿತ್ರದುರ್ಗದ ಕಡೆಯ ಕೆಂಪು ಗರಸು (ಸಣ್ಣ ಕಲ್ಲು ಬೆರೆತ) ನೆಲದಲ್ಲಿ, ಶೇಂಗಾ ಬೆಳೆಯುವ ಮಳೆಯಾಶ್ರಿತ ಹೊಲಗಳಲ್ಲಿ ಇವೆರಡನ್ನೂ ಹೊಂದಿಸಲು ನಾವು ಅನುಸರಿಸಿದ ಕ್ರಮ ಇದು.

ಮೊದಲು ದಾಖಲೆ, ಆಮೇಲೆ ಮಟ್ಟ. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ), ಪಹಣಿ ಎದುರಿಗಿಟ್ಟುಕೊಂಡು ಪ್ರತಿ ಸರ್ವೆ ನಂಬರಿಗೂ ಒಂದು ಸಾಲು ಬರೆದೆವು: ಖರಾಬು ಎಷ್ಟು, ಅದು ಅ ವರ್ಗವೋ (ಬೇಸಾಯಕ್ಕೆ ಬಾರದ್ದು) ಬ ವರ್ಗವೋ (ಹಳ್ಳ, ದಾರಿಯಂಥ ಸಾರ್ವಜನಿಕ ನೆಲ), ಪಹಣಿಯ 9ನೇ ಕಾಲಂನಲ್ಲಿ ಮಾಲೀಕರದು ಎಷ್ಟು ಹೆಸರಿವೆ, 12ರಲ್ಲಿ ಸಾಗುವಳಿ ಯಾರದು. ಖಾತೆ ಇನ್ನೂ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಿಸಬೇಕು. ಪೋಡಿಯಾಗದ, ಅಂದರೆ ಅಳತೆ ಮಾಡಿ ಪಾಲು ಬೇರೆಯಾಗದ, ಜಂಟಿ ಖಾತೆಯಿದ್ದರೆ ಎಲ್ಲರ ಒಪ್ಪಿಗೆ ಸಹಿ ಬೇಕು. ಬಗರ್‌ಹುಕುಂ (ಸರ್ಕಾರಿ ನೆಲದಲ್ಲಿ ಅನುಮತಿಯಿಲ್ಲದ) ಸಾಗುವಳಿ ಇರುವ ಜಾಗವನ್ನು ವೈಯಕ್ತಿಕ ಕಾಮಗಾರಿ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಹಾಗೆಂದು ಬಿಟ್ಟರೆ ಮೇಲಿನ ನೀರು ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ. ಅದಕ್ಕೆ ಆ ಜಾಗದ ಮೇಲ್ಬದಿಯಲ್ಲಿ ತಿರುವು ಕಾಲುವೆ ತೆಗೆದು ನೀರನ್ನು ಹಳ್ಳಕ್ಕೆ ಕೊಡುವುದು.

ಜಾಗತಿಕ ಆಹಾರ ಭದ್ರತಾ ಸಮಿತಿ 2012ರಲ್ಲಿ ಒಪ್ಪಿದ ಹಿಡುವಳಿ ಮಾರ್ಗಸೂಚಿ, ದಾಖಲೆಯಲ್ಲಿ ಇಲ್ಲದ ವಾಡಿಕೆ ಹಕ್ಕನ್ನೂ ಗಣನೆಗೆ ತಗೊಳ್ಳಿ ಎನ್ನುತ್ತದೆ. ಪಹಣಿಯಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ನಮ್ಮ ಪಟ್ಟಿಯಲ್ಲೇ ಒಂದು ಕಾಲಂ ಹೆಚ್ಚಿಗೆ ಹಾಕಿದೆವು: ಕುರಿ ಹೋಗುವ ದಾರಿ, ದನ ನೀರು ಕುಡಿಯುವ ಕಟ್ಟೆ, ಹೊಲಕ್ಕೆ ಗಾಡಿ ಇಳಿಯುವ ಜಾಗ. ಬದು ಒಡೆಯುವುದು ಬಹುತೇಕ ಇಲ್ಲೇ. ಕಂದಕ ತೋಡಿ ಗಾಡಿದಾರಿ ಮುಚ್ಚಿದರೆ ಬಿತ್ತನೆ ಹೊತ್ತಿಗೆ ಯಾರಾದರೂ ಅದನ್ನು ಸಮ ಮಾಡಿಯೇ ಮಾಡುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಇನ್ನು ಬದು. ಶೇ. 2ರ ಇಳಿಜಾರಿಗೆ ಎರಡು ಬದುಗಳ ನಡುವಿನ ಲಂಬ ಅಂತರ 0.3 × (2/3 + 2), ಅಂದರೆ 0.8 ಮೀಟರ್. ನೆಲದ ಮೇಲೆ 40 ಮೀಟರ್. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಿಸ್ಸಾಗಳು ಇಳಿಜಾರಿನ ಉದ್ದಕ್ಕೇ ಪಟ್ಟಿಪಟ್ಟಿಯಾಗಿ ಇರುತ್ತವೆ. ಸಮಪಾತಳಿಯ, ಅಂದರೆ ಒಂದೇ ಎತ್ತರದಲ್ಲಿ ಸಾಗುವ, ಒಂದೇ ಗೆರೆ ನಾಲ್ಕೈದು ಜನರ ಹೊಲ ದಾಟುತ್ತದೆ. ಒಬ್ಬರು ಬೇಡವೆಂದರೆ ಅಲ್ಲಿ ಬದು ತುಂಡಾಗಿ, ನೀರೆಲ್ಲ ಆ ಸಂದಿಗೇ ನುಗ್ಗುತ್ತದೆ.

ನಾವು ಎರಡು ಬದಲಾವಣೆ ಮಾಡಿದೆವು. ಟ್ಯೂಬ್ ಲೆವೆಲ್‌ನಲ್ಲಿ (ನೀರು ತುಂಬಿದ ಕೊಳವೆಯಿಂದ) ಹಿಡಿದ ಮಟ್ಟಕ್ಕೂ ಹೊಲದ ಗಡಿಗೂ ವ್ಯತ್ಯಾಸ 15 ಸೆಂ.ಮೀ. ಒಳಗಿದ್ದರೆ ಗೆರೆಯನ್ನು ಗಡಿಗೆ ಎಳೆದುಕೊಂಡೆವು. ರೈತನಿಗೆ ಉಳುಮೆ ಕೆಡುವುದಿಲ್ಲ. ವ್ಯತ್ಯಾಸ ಹೆಚ್ಚಿದ್ದಲ್ಲಿ ಉದ್ದನೆಯ ಬದುವಿನ ಬದಲು ತುಂಡು ಕಂದಕ: 3 ಮೀಟರ್ ಉದ್ದ, 0.6 ಅಗಲ, 0.5 ಆಳ, ನಡುವೆ 1 ಮೀಟರ್ ತೋಡದ ನೆಲ. ಒಂದರಲ್ಲಿ 0.9 ಘನ ಮೀಟರ್ ನೀರು, ನೂರು ಮೀಟರಿಗೆ 25 ಕಂದಕ. ಒಂದು ಹೊಲದವರು ಒಪ್ಪದಿದ್ದರೂ ಉಳಿದ ಕಂದಕಗಳು ತಮ್ಮ ಪಾಡಿಗೆ ನಿಲ್ಲುತ್ತವೆ. ತೆಗೆದ ಮಣ್ಣನ್ನು 30 ಸೆಂ.ಮೀ. ಬಿಟ್ಟು ಕೆಳಬದಿಗೇ ಹಾಕಬೇಕು. ಅಂಚಿಗೇ ಸುರಿದರೆ ಮೊದಲ ಜಡಿಮಳೆಗೆ ಕಂದಕದೊಳಗೆ ಜಾರುತ್ತದೆ.

ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಎಲ್ಲಿಡಬೇಕೆಂಬುದೇ ಊರಿನಲ್ಲಿ ದೊಡ್ಡ ಪ್ರಶ್ನೆ. ಅದು ಬ ಖರಾಬಿನ ಹಳ್ಳಕ್ಕೇ ಇಳಿಯಬೇಕು, ಪಕ್ಕದವರ ಹೊಲಕ್ಕಲ್ಲ. ಹಳ್ಳ ನಕ್ಷೆಯಲ್ಲಿದ್ದು ಸ್ಥಳದಲ್ಲಿ ಒತ್ತುವರಿಯಾಗಿದ್ದರೆ ಮೊದಲು ಸರ್ವೆ, ಆಮೇಲೆ ಕೆಲಸ. ಪ್ರತಿ ಕೋಡಿಯ ಜಾಗವನ್ನೂ ಸರ್ವೆ ನಂಬರ್ ಸಮೇತ ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಬಾಯಿಮಾತಿನ ಒಪ್ಪಿಗೆ ಒಂದು ಮಳೆಗಾಲ ಬಾಳುವುದಿಲ್ಲ.

ಬದುವಿನ ಮೇಲೆ ಮರ ನೆಡುವಲ್ಲಿ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ನೋಡಿಕೊಳ್ಳಬೇಕು. ಮುಂದೆ ಕಡಿಯಲು ಆಗುವುದಿಲ್ಲ ಎಂಬ ಅಂಜಿಕೆಯಿಂದಲೇ ರೈತರು ಸಸಿ ಕಿತ್ತುಹಾಕುತ್ತಾರೆ. ಹಸಿರೆಲೆ ಗೊಬ್ಬರದ ಗಿಡ ಗ್ಲಿರಿಸಿಡಿಯಾಗೆ ಅನುಮತಿಯ ತೊಡಕಿಲ್ಲ. ಅರ್ಧ ಮೀಟರಿಗೊಂದು ಕಡ್ಡಿ ನೆಟ್ಟು, ಬಿತ್ತನೆಗೆ ಮುಂಚೆ ಸವರಿ ಸೊಪ್ಪನ್ನು ಮಣ್ಣಿಗೆ ಸೇರಿಸಿದೆವು. ಬೇರೆ ಜಾತಿಗಳಿಗೆ ವಲಯ ಅರಣ್ಯ ಕಚೇರಿಯಿಂದ ಬರವಣಿಗೆಯಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು.

ಊರಿನ ದನ ಮೇಯುವ ಗೋಮಾಳದ ವಿಷಯ ಬೇರೆ. ಪೂರ್ತಿ ಬೇಲಿ ಹಾಕಿ ವರ್ಷಗಟ್ಟಲೆ ಮೇಯಿಸುವುದನ್ನು ನಿಲ್ಲಿಸುವ ಕ್ರಮ ಇಥಿಯೋಪಿಯಾದ ಟಿಗ್ರೆಯಲ್ಲಿ ಫಲ ಕೊಟ್ಟಿದೆ. ನಮ್ಮ ಭೂಕಂದಾಯ ನಿಯಮದಲ್ಲಿ ನೂರು ಜಾನುವಾರಿಗೆ 12 ಹೆಕ್ಟೇರ್ ಮೇವಿಗೆಂದೇ ಇರಬೇಕು. ಊರಿನ ಜಾನುವಾರು ಎಣಿಸಿ, ಗೋಮಾಳ ಅದಕ್ಕಿಂತ ಕಡಿಮೆಯಿದ್ದರೆ ನೆಡುತೋಪಿನ ಪ್ರಸ್ತಾವ ಬೇಡವೇ ಬೇಡ, ಹುಲ್ಲೇ ಸರಿ. ನಾವು ಮೂರು ಭಾಗ ಮಾಡಿ, ಒಂದೊಂದನ್ನು ಎರಡು ಮಳೆಗಾಲ ಮೇಯಿಸದೆ ಬಿಟ್ಟು, ಕುರಿದಾರಿ ತೆರೆದಿಟ್ಟೆವು. ಮೇವಿನ ಗಿಡ ಸ್ಟೈಲೊದ ಬೀಜದ ಸಿಪ್ಪೆ ಗಟ್ಟಿ; 80 ಡಿಗ್ರಿ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಿ, ಆರಿಸಿ ಬಿತ್ತದಿದ್ದರೆ ಮೊಳಕೆ ಬಲು ಕಡಿಮೆ.

ಕೊನೆಗೆ ಅಳತೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳಾದ ನೆಲ ಸರಿಪಡಿಸುವ ಗುರಿಯನ್ನು ಭಾರತ 2019ರಲ್ಲಿ ಹಾಕಿಕೊಂಡಿದೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಮೂರು ಸೂಚಕ: ನೆಲದ ಹೊದಿಕೆ, ಉತ್ಪಾದಕತೆ, ಮಣ್ಣಿನ ಸಾವಯವ ಇಂಗಾಲ. ಒಂದು ಕುಸಿದರೂ ಆ ನೆಲ ಹಾಳಾದಂತೆಯೇ. ಉಪಗ್ರಹ ಚಿತ್ರದಲ್ಲಿ ಹಸಿರು ಹೆಚ್ಚಿತೆಂದು ಮಾತ್ರ ನಂಬಬೇಡಿ. ಗೋಮಾಳದಲ್ಲಿ ಬಳ್ಳಾರಿ ಜಾಲಿ ಹಬ್ಬಿದರೂ ಹಸಿರು ಏರುತ್ತದೆ, ಹೊಸ ಕೊಳವೆಬಾವಿ ಬಿದ್ದರೂ ಏರುತ್ತದೆ. ಎರಡನ್ನೂ ಸರ್ವೆ ನಂಬರ್ ಪ್ರಕಾರ ಗುರುತಿಸಿ ಲೆಕ್ಕದಿಂದ ಬೇರೆ ಇಡಬೇಕು.

ರಾಜ್ಯದ ಜಲಾನಯನ ಯೋಜನೆ ಸುಜಲಾ-3ರ ಭೂಸಂಪನ್ಮೂಲ ಸಮೀಕ್ಷೆ ಇಲ್ಲಿ ದೊಡ್ಡ ಆಸರೆ: 1:7920 ಅಳತೆಯ ಸರ್ವೆ ನಕ್ಷೆಯ ಮೇಲೆಯೇ ಮಣ್ಣನ್ನು ಗುರುತಿಸಿದ್ದಾರೆ. ಆದರೆ ಫಲವತ್ತತೆಯ ಮಾದರಿ 320 ಮೀಟರಿಗೆ ಒಂದು, ಅಂದರೆ ಸುಮಾರು 10 ಹೆಕ್ಟೇರಿಗೆ ಒಂದು. ಒಂದು ಹಿಡುವಳಿಗೆ ಅದು ಸಾಲದು. ಮಣ್ಣು ಆರೋಗ್ಯ ಕಾರ್ಡಿನ ಮಾದರಿ 15 ಸೆಂ.ಮೀ. ಆಳದ್ದು, ವಿಶ್ವಸಂಸ್ಥೆ ಕೇಳುವುದು 30. ಹಾಗಾಗಿ ಕಾರ್ಡಿನ ಅಂಕಿಯನ್ನು ದುಪ್ಪಟ್ಟು ಮಾಡದೆ 0–15, 15–30 ಎಂದು ಎರಡು ಮಾದರಿ ಬೇರೆಬೇರೆ ತೆಗೆಯಿರಿ. ಲೆಕ್ಕ ಹೀಗೆ: ಶೇ. 0.5 ಇಂಗಾಲ × 1.4 ಸಾಂದ್ರತೆ × 30 ಸೆಂ.ಮೀ. = ಹೆಕ್ಟೇರಿಗೆ 21 ಟನ್. ಗಾತ್ರದ ಶೇ. 30ರಷ್ಟು ಗರಸು ಇದ್ದರೆ ಅದನ್ನು ಕಳೆಯಬೇಕು, ಉಳಿಯುವುದು 14.7. ಗರಸು ಕಳೆಯದ ವರದಿಗಳಲ್ಲಿ ಕೆಂಪು ನೆಲ ಯಾವಾಗಲೂ ಇರುವುದಕ್ಕಿಂತ ಸಮೃದ್ಧವಾಗಿ ಕಾಣುತ್ತದೆ. ಮರುಮಾದರಿಯನ್ನು ಅದೇ ಹೊಲದ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ, ಗೊಬ್ಬರ ಹೊಡೆಯುವ ಮುಂಚೆ ತೆಗೆಯಬೇಕು.